ಸ್ಪ್ಯಾನಿಷ್ ಚೌಕಾಶಿ

ಅಂಗಡಿಯವನು ಬೆಲೆ ಹೇಳಿದ ಕೂಡಲೇ ಜೇಬಿಗೆ ಕೈ ಹಾಕುವ ಜನ ಇನ್ನೂ ಇದ್ದಾರೆಯೇ ಎಂದು ನಿಮಗೆ ಅನುಮಾನವಿದ್ದರೆ ದಯವಿಟ್ಟು ಕಲಬುರಗಿಗೆ ಬಂದು ನನ್ನನ್ನು ನೋಡಿ. ಐವತ್ನಾಲ್ಕು ವರ್ಷದ ಬದುಕಿನಲ್ಲಿ ‘ಸ್ವಲ್ಪ ಕಡಿಮೆ ಮಾಡಿ’ ಎಂಬ ಮಾತು ನನ್ನ ಬಾಯಿಂದ ಹೊರಟದ್ದೇ ಇಲ್ಲ. ಗಂಟಲತನಕ ಬರುತ್ತದೆ, ಅಲ್ಲೇ ಕೂತುಬಿಡುತ್ತದೆ. ಇದನ್ನು ಔದಾರ್ಯ ಎಂದು ತಿಳಿಯಬೇಡಿ, ಶುದ್ಧ ನಾಚಿಕೆ. ನನ್ನ ಹೆಂಡತಿ ಶಕುಂತಲಾ ಇದಕ್ಕೆ ತದ್ವಿರುದ್ಧ. ಸೂಪರ್ ಮಾರ್ಕೆಟ್ ಎಂದು ಹೆಸರಿದ್ದರೂ ಚೌಕಾಶಿಯೇ ನಡೆಯುವ ನಮ್ಮೂರ ಪೇಟೆಯಲ್ಲಿ ಆಕೆ ಮೂರು ಸಲ ಅಂಗಡಿಯ ಮೆಟ್ಟಿಲಿಳಿದು, ಮೂರು ಸಲ ಕರೆಸಿಕೊಂಡು, ಕಡೆಗೆ ತಾನು ಮೊದಲು ಹೇಳಿದ ಬೆಲೆಗೇ ಸೀರೆ ತರುತ್ತಾಳೆ. ಅಷ್ಟು ಹೊತ್ತೂ ನಾನು ಹೊರಗೆ ಆಟೊಗಳ ನಡುವೆ, ಈಕೆ ಯಾರೋ ನನಗೆ ಗೊತ್ತೇ ಇಲ್ಲ ಎಂಬಂತೆ ಆಕಾಶ ನೋಡುತ್ತ ನಿಂತಿರುತ್ತೇನೆ.

ಇಂಥ ನಾನು ಸ್ಪ್ಯಾನಿಷ್ ಕಲಿಯಲು ಹೊರಟೆ. ಸೇಡಂ ರಸ್ತೆಯ ಡಾಕ್ಟರೊಬ್ಬರು ನನ್ನ ಮರೆವಿನ ಕಥೆ ಕೇಳಿ, “ಮಿದುಳಿಗೂ ವಾಕಿಂಗ್ ಬೇಕ್ರಿ. ಲೆಕ್ಕಾ ಬಿಡಿಸ್ರಿ, ಇಲ್ಲಾಂದ್ರ ಹೊಸಾ ಭಾಷಾ ಕಲೀರಿ” ಎಂದಿದ್ದರು. ಲೆಕ್ಕದ ಭಯಕ್ಕೆ ಭಾಷೆ ಹಿಡಿದೆ. ಸ್ಪ್ಯಾನಿಷ್ಷೇ ಯಾಕೆಂದರೆ, ಉರ್ದು, ಮರಾಠಿ, ತೆಲುಗಿನಲ್ಲಿ ತಪ್ಪಿದರೆ ತಿದ್ದುವವರು ನಮ್ಮ ಓಣಿಯಲ್ಲೇ ಇದ್ದಾರೆ. ಸ್ಪ್ಯಾನಿಷ್‌ಗೆ ನಮ್ಮ ಐವಾನ್-ಎ-ಶಾಹಿ ಬಡಾವಣೆಯ ಈ ತುದಿಯಿಂದ ಆ ತುದಿಯವರೆಗೆ ನಾನೊಬ್ಬನೇ ಪಂಡಿತ. ಪುಣೆಯ ಒಬ್ಬ ಮೇಡಂ ಸಂಜೆ ಮೊಬೈಲಿನಲ್ಲಿ ಪಾಠ ಹೇಳುತ್ತಿದ್ದರು. ಪರೀಕ್ಷೆ ಪಾಸಾದರೆ ಸರ್ಟಿಫಿಕೇಟು ಉಂಟು. ಪಾಸಾಗುವ ಮೊದಲೇ ಆಫೀಸಿನಲ್ಲಿ ಅದರ ಸುದ್ದಿ ಸಾರಿ, ಮುಂಗಡವಾಗಿ ಮಿರ್ಚಿ ಭಜಿಯನ್ನೂ ಹಂಚಿಬಿಟ್ಟಿದ್ದೆ.

ಆರನೆಯ ಪಾಠ ಬಂತು ನೋಡಿ, ನನಗೆ ನಿದ್ದೆಯೇ ಹಾರಿಹೋಯಿತು. ಅಂಗಡಿ, ವ್ಯಾಪಾರ, ರಿಯಾಯಿತಿ! ಬೆಲೆ ಇಳಿಯುವುದಕ್ಕೆ ಆ ಜನ ಎಷ್ಟೊಂದು ಮಾತು ಇಟ್ಟುಕೊಂಡಿದ್ದಾರೆ! ಹಂಗಾಮು ಮುಗಿದಾಗ ಪೇಟೆಗೆ ಪೇಟೆಯೇ ದರ ಇಳಿಸಿದರೆ ಅದು ರೆಬಾಹಾಸ್. ಒಂದು ವಸ್ತುವಿನ ಬೆಲೆಯಲ್ಲಿ ಇಷ್ಟು ಎಂದು ಕಳೆದರೆ ದೆಸ್ಕುಯೆಂತೊ. ಎರಡು ಕೊಂಡರೆ ಒಂದು ಪುಕ್ಕಟೆ ಎಂಬಂಥದ್ದು ಓಫೆರ್ತಾ. ಇದ್ದ ಮಾಲನ್ನೆಲ್ಲ ಮಾರಿ ಅಂಗಡಿ ಖಾಲಿ ಮಾಡುವುದು ಲಿಕಿದಾಸ್ಯೋನ್. ನನಗೆ ಹುಚ್ಚೇ ಹಿಡಿಯಿತು. ಆಷಾಢದ ಸೀರೆ ಸೇಲು ರೆಬಾಹಾಸ್, ಸೋಪಿನ ಜೊತೆ ಬರುವ ಬಾಚಣಿಕೆ ಓಫೆರ್ತಾ ಎಂದು ದಾರಿಯುದ್ದಕ್ಕೂ ಬೋರ್ಡು ಬೋರ್ಡಿಗೂ ಹೆಸರಿಡುತ್ತ ನಡೆದೆ. ಶಕುಂತಲಾ ಸ್ವಲ್ಪ ದೂರ ಸಹಿಸಿಕೊಂಡಳು. ಆಮೇಲೆ, “ಬೋರ್ಡಿಗಿ ಹೆಸರ ಇಟ್ರ ರೊಕ್ಕ ಉಳೀತಾವೇನ್ರಿ?” ಎಂದಳು. 

ಅದೇ ವಾರ ಮೇಡಂ ಬಾಂಬು ಹಾಕಿದರು. ಪರೀಕ್ಷೆ ಎಂದರೆ ಬರೆಯುವುದಲ್ಲವಂತೆ. ನಿಜವಾಗಿ ಅಂಗಡಿಗೆ ಹೋಗಿ, ಒಂದು ಸಾಮಾನಿನ ಬೆಲೆ ಇಳಿಸಿ ತಂದು, ಏನು ನಡೆಯಿತು, ಅದಕ್ಕೆ ಸರಿಯಾದ ಪದ ಯಾವುದು ಎಂದು ಸ್ಪ್ಯಾನಿಷ್‌ನಲ್ಲಿ ವಿವರಿಸಬೇಕಂತೆ. ಪದಗಳೆಲ್ಲ ನನ್ನ ನಾಲಿಗೆಯ ಮೇಲಿದ್ದವು. ಬೆಲೆ ಇಳಿಸುವುದೊಂದೇ ಬಾಕಿ.

ಮೊದಲು ಸೂಪರ್ ಮಾರ್ಕೆಟ್ಟಿಗೆ ಒಬ್ಬನೇ ಹೋಗಿ ಹಾಸಿಗೆಯ ಚಾದರ ಕೇಳಿದೆ. “ಒಂಬೈನೂರು ಸಾಬ್” ಎಂದರು ಅಂಗಡಿಯ ಚಾಚಾ. ಬಾಯಿ ತೆರೆಯುವ ಮೊದಲೇ ನನ್ನ ಕೈ ಹಣ ಎಣಿಸಿ ಕೊಟ್ಟಾಗಿತ್ತು. ಅವರು ಒಂದು ಕ್ಷಣ ಹಣವನ್ನೂ ನನ್ನನ್ನೂ ನೋಡಿ, “ಕೂಡ್ರಿ ಸಾಬ್, ಚಾ ಕುಡದ ಹೋಗ್ರಿ” ಎಂದು ಬಲವಂತ ಮಾಡಿ ಚಹಾ ತರಿಸಿದರು. ಎಂಥ ಸಜ್ಜನ ಎಂದು ಮನೆಯಲ್ಲಿ ಹೊಗಳಿದೆ. ಶಕುಂತಲಾ ಚಾದರದ ಅಂಚು ಹಿಡಿದು ನೋಡಿ, “ಐನೂರಕ್ಕ ಬರೂ ಚಾದರ ಇದು. ಪಾಪ, ಅವ್ರಿಗೇ ಜೀವ ತಡೀಲಿಲ್ಲ, ಚಾ ಕುಡಿಸ್ಯಾರ” ಎಂದಳು.

ಪರೀಕ್ಷೆಗೆ ಎರಡೇ ದಿನ ಉಳಿದಿತ್ತು. ಭಾನುವಾರ ಆಕೆಯ ತವರೂರು ಕಮಲಾಪುರಕ್ಕೆ ಹೋದೆವು. ರಸ್ತೆಯ ಬದಿಯಲ್ಲಿ ನೀಲಮ್ಮ ಎಂಬಾಕೆ ಕೆಂಪು ಬಾಳೆಹಣ್ಣು ಇಟ್ಟುಕೊಂಡು ಕೂತಿದ್ದಳು, ನನ್ನ ಹೆಂಡತಿಗೆ ಹಳೆಯ ಪರಿಚಯ. ನೀನು ತುಟಿ ಬಿಚ್ಚಕೂಡದು ಎಂದು ಶಕುಂತಲಾಳಿಂದ ಭಾಷೆ ತೆಗೆದುಕೊಂಡು ನಾನು ಮುಂದೆ ನಿಂತೆ. “ಡಜನ್ ನೂರಾ ಇಪ್ಪತ್ತ್ರಿ” ಎಂದಳು ನೀಲಮ್ಮ. ಗಾಬರಿಯಲ್ಲಿ ನನ್ನ ಬಾಯಿಂದ ಹೊರಟದ್ದು ರಿಯಾಯಿತಿ ಕೇಳುವ ಪಾಠದ ವಾಕ್ಯ: “ಮೆ ಆಸೆ ಉನ್ ದೆಸ್ಕುಯೆಂತೊ?”

“ಅಕ್ಕಾ, ಯಜಮಾನ್ರು ಏನಂತಾರ?”

“ನನಗ ಕೇಳಬ್ಯಾಡವ್ವಾ, ಇವತ್ತ ನಾ ಮಾತಾಡಂಗಿಲ್ಲ” ಎಂದು ಶಕುಂತಲಾ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಆದರೆ ಒಂದು ಸಂಗತಿ ನನಗೆ ಹೊಳೆಯಿತು. ಸ್ಪ್ಯಾನಿಷ್‌ನಲ್ಲಿ ಕೇಳಿದ್ದಕ್ಕೆ ಭೂಮಿ ಬಾಯಿಬಿಟ್ಟಿರಲಿಲ್ಲ, ನನ್ನ ಮಾನವೂ ಹೋಗಿರಲಿಲ್ಲ. ಅದೇ ಧೈರ್ಯದಲ್ಲಿ ಅದರ ಹಿಂದೆಯೇ ಕನ್ನಡವೂ ಬಂದುಬಿಟ್ಟಿತು. “ನೂರಕ್ಕ ಕೊಡವ್ವಾ” ಎಂದೆ! ನಾನು!

“ತೋಟದಾಗೂ ಆ ರೇಟ್ ಇಲ್ರಿ.”

ಹೆಂಡತಿಯ ವಿದ್ಯೆ ನೆನಪಾಗಿ ಬೆನ್ನು ತಿರುಗಿಸಿ ನಡೆದೆ. ನಾಲ್ಕು ಹೆಜ್ಜೆಯಾಯಿತು, ಯಾರೂ ಕರೆಯಲಿಲ್ಲ. ಐದನೆಯದನ್ನು ಸಾಧ್ಯವಾದಷ್ಟು ನಿಧಾನ ಇಟ್ಟೆ. ಆರನೆಯದನ್ನು ಇಟ್ಟು, ಇನ್ನು ಹಿಂತಿರುಗಿ ಕ್ಷಮೆ ಕೇಳೋಣ ಎನ್ನುವಷ್ಟರಲ್ಲಿ, “ಬರ್ರಿ ಸಾವ್ಕಾರ್ರ, ತಗೊಂಡ ಹೋಗ್ರಿ” ಎಂದು ಕೇಳಿಸಿತು. ಆ ಕ್ಷಣದ ಆನಂದವನ್ನು ಹೇಗೆ ಹೇಳಲಿ? ನನಗೆ ನೌಕರಿ ಸಿಕ್ಕಿದ ದಿನವೂ ಅಷ್ಟು ಖುಷಿಯಾಗಿರಲಿಲ್ಲ. ಓಡಿಹೋಗಿ, ಮೊದಲೇ ಕೈಯಲ್ಲಿ ಹಿಡಿದಿದ್ದ ನೂರಾ ಇಪ್ಪತ್ತನ್ನೂ ಆಕೆಯ ಕೈಗಿತ್ತು, “ಇರಲಿ ಇಟ್ಕೋವ್ವಾ” ಎಂದುಬಿಟ್ಟೆ. ನೀಲಮ್ಮನ ಮುಖ ಗಂಟಾಯಿತು. “ಕಡಿಮಿ ಮಾಡಂದ್ರಿ, ಮಾಡೀನಿ. ಮತ್ತ್ಯಾಕ ಕೊಡ್ತೀರಿ? ಪುಕ್ಕಟ ರೊಕ್ಕ ನನಗ ಬ್ಯಾಡ” ಎಂದು ಇನ್ನೆರಡು ಹಣ್ಣು ನನ್ನ ಚೀಲಕ್ಕೆ ತುರುಕಿದಳು.

ಪರೀಕ್ಷೆಯಲ್ಲಿ ಇದನ್ನೆಲ್ಲ ಸ್ಪ್ಯಾನಿಷ್‌ನಲ್ಲಿ ಉತ್ಸಾಹದಿಂದ ಒದರಿ, ಪದ ದೆಸ್ಕುಯೆಂತೊ ಎಂದೆ. ಆಕೆ ಕೇಳಿದ ಬೆಲೆ ಎಷ್ಟು ಎಂದರು ಮೇಡಂ. ನೂರಾ ಇಪ್ಪತ್ತು. ನೀವು ಕೊಟ್ಟದ್ದು? ನೂರಾ ಇಪ್ಪತ್ತು. ಹಾಗಾದರೆ ದೆಸ್ಕುಯೆಂತೊ ಎಲ್ಲಿದೆ? ಮೂವತ್ತೈದು ಅಂಕ ಎಂದರು. ಪಾಸಿಗೆ ನಲವತ್ತು ಬೇಕು. ಆಫೀಸಿನವರು ತಿಂದ ಭಜಿ ಕಣ್ಣ ಮುಂದೆ ಬಂತು. ನಾನು ಬಿಡಲಿಲ್ಲ. ಎರಡು ಹಣ್ಣನ್ನು ಓಫೆರ್ತಾ ಎಂದು ಹಿಡಿಯಿರಿ, ಆ ಆರು ಹೆಜ್ಜೆಗಾದರೂ ಬೆಲೆ ಕೊಡಿ, ನಲವತ್ತೈದು ಮಾಡಿ ಎಂದು ಹದಿನೈದು ನಿಮಿಷ ಸ್ಪ್ಯಾನಿಷ್‌ನಲ್ಲೇ ಜಗ್ಗಾಡಿದೆ. ಕಡೆಗೆ ಮೇಡಂ ನಕ್ಕು, ನಲವತ್ತಕ್ಕೆ ಒಪ್ಪಿದರು.

ಸರ್ಟಿಫಿಕೇಟು ಬಂತು. ಅದೇ ದಿನ ಕಟ್ಟು ಹಾಕಿಸಿ ತಂದು, ಪಡಸಾಲೆಯಲ್ಲಿ ಎಲ್ಲರ ಕಣ್ಣಿಗೂ ಬೀಳುವ ಹಾಗೆ ತೂಗುಹಾಕಿದೆ. ಶಕುಂತಲಾ ಹತ್ತಿರ ಬಂದು ಗಾಜಿನ ಮೇಲೆ ಬೆರಳಾಡಿಸಿ, “ಛಂದ ಆಗ್ಯದ. ಕಟ್ಟಿನವ ಎಷ್ಟ ಹೇಳ್ದಾ?” ಎಂದಳು.

“ಮುನ್ನೂರೈವತ್ತು.”

“ನೀವೆಷ್ಟ ಕೊಟ್ರಿ?”

ಆ ಪ್ರಶ್ನೆಗೆ ಮಾತ್ರ ಸ್ಪ್ಯಾನಿಷ್‌ನಲ್ಲಿ ಉತ್ತರ ಹೇಳಿದೆ.