ಯಾಲ್ಮರಿಯ ಹಳೇ ಯಂತ್ರಕ್ಕೆ ಹೊಸ ಆಫೀಸು

ಶನಿವಾರ ಬೆಳಿಗ್ಗೆ ಹತ್ತೂಕಾಲಿಗೆ ಯಾಲ್ಮರಿಯ ಕಂಪ್ಯೂಟರು ಒಂದು ಮಾತು ಅಂದಿತು. ‘ಇದರ ಆಪರೇಟಿಂಗ್ ಸಿಸ್ಟಮ್ ತೀರ ಹಳೆಯದು. ಆಫೀಸ್ ಸಾಫ್ಟ್‌ವೇರ್ ಹಾಕಲಾಗದು.’ ಪರದೆಯ ಮೇಲೆ ಬಂದದ್ದು ಇಷ್ಟೇ. ಆದರೆ ಅರವತ್ತೆಂಟರ ಯಾಲ್ಮರಿ ಅದು ತನಗೇ ಅಂದದ್ದೆಂದು ತಿಳಿದು ಕೆಂಡವಾದ.

“ಹಳೇದಂತೆ ಹಳೇದು! ಹದಿನಾರು ವರ್ಷದಲ್ಲಿ ಒಂದು ದಿನ ಕೈಕೊಟ್ಟಿದೆಯಾ? ನಿನ್ನೆ ಮೊನ್ನೆ ಹುಟ್ಟಿದ ಸಾಫ್ಟ್‌ವೇರು ಇದಕ್ಕೆ ಬುದ್ಧಿ ಹೇಳೋಕೆ ಬಂತು!”

“ನಿನ್ನ ಪೆಟ್ಟಿಗೆ ಜೊತೆ ನೀನೇ ಜಗಳ ಆಡ್ಕೋ. ನಂಗೆ ಬನ್ ಬೇಯಿಸೋದಿದೆ,” ಎಂದು ಹೆಂಡತಿ ಸಿರ್ಕಾ ಅಂಗಳ ದಾಟಿ ಅಡುಗೆಮನೆಗೆ ಹೋದಳು.

ಅಂಗಳ ಯಾಕೆಂದರೆ, ಆ ಕಂಪ್ಯೂಟರು ಮನೆಯೊಳಗಿರಲಿಲ್ಲ. ಅದರ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತದೆಂದು ಸಿರ್ಕಾ ಅದನ್ನು ಕೆರೆದಂಡೆಯ ಸೌನಾಕ್ಕೆ, ಅಂದರೆ ಹಬೆಸ್ನಾನದ ಮನೆಗೆ, ಸಾಗಹಾಕಿದ್ದಳು. ಸೌನಾದ ಹೊರಕೋಣೆಯಲ್ಲಿ, ಬಟ್ಟೆ ಬಿಚ್ಚಿಡುವ ಬೆಂಚಿನ ಪಕ್ಕದಲ್ಲೇ, ಹೌಕಿನಿಯೆಮಿ ಗ್ರಾಮ ಸಂಘದ ಕಾರ್ಯದರ್ಶಿಯ ಕಚೇರಿ.

ಹತ್ತೊಂಬತ್ತು ವರ್ಷದಿಂದ ಯಾಲ್ಮರಿಯೇ ಕಾರ್ಯದರ್ಶಿ. ಆ ಕುರ್ಚಿ ಅಂದರೆ ಅವನಿಗೆ ಪ್ರಾಣ. ಸಭೆಯಲ್ಲಿ ಅಧ್ಯಕ್ಷೆ ಮಾರ್ಕೆತ್ತಾಳ ಬಲಕ್ಕೆ ಕೂತು, ಕನ್ನಡಕ ಮೂಗಿನ ತುದಿಗಿಳಿಸಿ ವಾರ್ಷಿಕ ವರದಿ ಓದುವಾಗ ಅವನ ಗತ್ತು ನೋಡಬೇಕು. ಈ ವರ್ಷ ಪುರಸಭೆ ವರದಿಗೆ ಹೊಸ ನಮೂನೆ ಕಳಿಸಿತ್ತು, ಅದೋ ಹಳೇ ಸಾಫ್ಟ್‌ವೇರಿನಲ್ಲಿ ತೆರೆಯಲೇ ಒಲ್ಲದು. ಮಾರ್ಕೆತ್ತಾ ಖಡಾಖಂಡಿತವಾಗಿ ಹೇಳಿದ್ದಳು: “ಸಭೆ ಶನಿವಾರ ಆರಕ್ಕೆ. ಐದರೊಳಗೆ ವರದಿ ಹೊಸ ನಮೂನೆಯಲ್ಲಿ ನಂಗೆ ಮೇಲ್ ಆಗಿರಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳು, ಪೆಂಟ್ಟಿ ಕಾಯ್ತಾ ಇದಾನೆ.”

ಆ ಕುರ್ಚಿಗಾಗಿ ಪೆಂಟ್ಟಿ ಐದು ವರ್ಷದಿಂದ ಕಾಯುತ್ತಿದ್ದ. ಅವನ ಎದುರಿಗೇ ಯಾಲ್ಮರಿ ಅಂಗಡಿಯಲ್ಲಿ ಎದೆ ತಟ್ಟಿಕೊಂಡಿದ್ದ: “ನನ್ನ ಯಂತ್ರ ನಂಗೊತ್ತು. ಯಾರ ಸಹಾಯನೂ ಬೇಡ!”

ಈಗ ಆ ಯಂತ್ರ ಮುಷ್ಕರ ಹೂಡಿತ್ತು. ಸರಿ, ಸಿಸ್ಟಮ್ಮನ್ನೇ ಹೊಸದು ಮಾಡೋಣವೆಂದು ಹೊರಟರೆ, ‘ಹೊಸ ಸಿಸ್ಟಮ್ಮಿಗೆ ಈ ಕಂಪ್ಯೂಟರಿನ ಶಕ್ತಿ ಸಾಲದು’ ಎಂದಿತು. ಅಷ್ಟರಲ್ಲಿ ಪಕ್ಕದ ಮನೆಯ ವೈಕ್ಕೊ ಬಂದ. ನಿವೃತ್ತ ಬಸ್ ಚಾಲಕ. ಯಾರ ಮನೆಯಲ್ಲಿ ಏನು ಕೆಟ್ಟರೂ ಅವನಿಗೆ ವಾಸನೆ ಹೊಡೆಯುತ್ತದೆ.

“ಬಿಚ್ಚು, ನೋಡೋಣ.”

“ಬಿಚ್ಚೋ ಅಂಥದ್ದೇನೂ ಆಗಿಲ್ಲ ಮಾರಾಯ, ಸಾಫ್ಟ್‌ವೇರ್ ತೊಂದರೆ.”

“ಬಸ್ಸಾದ್ರೂ ಅಷ್ಟೇ, ಕಂಪ್ಯೂಟರಾದ್ರೂ ಅಷ್ಟೇ. ಮೊದ್ಲು ಧೂಳು ತೆಗೀಬೇಕು.”

ಬೇಡ ಬೇಡ ಅನ್ನುತ್ತಿರುವಾಗಲೇ ವೈಕ್ಕೊ ಪಕ್ಕದ ತಗಡು ಬಿಚ್ಚಿ, ಸಿರ್ಕಾಳ ವ್ಯಾಕ್ಯೂಮ್ ಕ್ಲೀನರ್ ತಂದು ಒಳಗೆ ತೂರಿಸಿದ. ಹದಿನಾರು ವರ್ಷದ ಧೂಳಿನ ಜೊತೆಗೆ ನಾಲ್ಕು ಸ್ಕ್ರೂಗಳೂ ಒಂದು ಸಣ್ಣ ವೈರೂ ಕ್ಲೀನರಿನ ಹೊಟ್ಟೆಗೆ ಹೋದವು. ಧೂಳಿನ ಚೀಲ ಹರಿದು ಅವನ್ನು ಹುಡುಕಿ, ಸೀನಿ ಸೀನಿ ಮತ್ತೆ ಜೋಡಿಸುವಷ್ಟರಲ್ಲಿ ಎರಡೂವರೆ. ಕಂಪ್ಯೂಟರು ಆನ್ ಆಯಿತು. ಹಳೆಯದು ಎಂದು ಮತ್ತೆ ಅದೇ ರಾಗ ತೆಗೆಯಿತು.

ಮೂರಕ್ಕೆ ನೆರೆಹೊರೆಯ ಗಂಡಸರ ಸೌನಾ ಸರದಿ. ಶನಿವಾರದ ಸೌನಾವನ್ನು ಯುದ್ಧ ಬಂದರೂ ನಿಲ್ಲಿಸುವ ಜನವಲ್ಲ ನಾವು. ಪೆಂಟ್ಟಿ ಬಂದ, ಬಟ್ಟೆ ಕಳಚಿದ, ಟವೆಲ್ ಸುತ್ತಿಕೊಂಡು ಯಾಲ್ಮರಿಯ ಹೆಗಲ ಮೇಲಿಂದ ಪರದೆಗೆ ಬಗ್ಗಿದ.

“ಅಯ್ಯೋ ಪಾಪ. ಯಾಕೆ ಒದ್ದಾಡ್ತೀಯ? ನಂಗೆ ಕೊಟ್ಬಿಡು, ಹತ್ತು ನಿಮಿಷದಲ್ಲಿ ಮುಗಿಸ್ತೀನಿ. ಆಮೇಲೆ ಕುರ್ಚಿನೂ ಕೊಟ್ಬಿಡು, ಆರಾಮಾಗಿ ಮೀನು ಹಿಡಿ.”

“ನೀನು ಒಳಗೆ ಹೋಗಿ ಬೆವರು ಸುರಿಸು ಹೋಗು!”

ಪೆಂಟ್ಟಿ ಬೇಕೆಂದೇ ಹಬೆಕೋಣೆಯ ಬಾಗಿಲು ಅಗಲವಾಗಿ ತೆರೆದು ನಿಂತ. ಹಬೆ ಹೊರಗೆ ನುಗ್ಗಿ ಪರದೆ ಪೂರ್ತಿ ಮಸುಕಾಯಿತು. ಯಾಲ್ಮರಿ ಕೈಗೆ ಸಿಕ್ಕಿದ ಬಟ್ಟೆಯಿಂದ ಒರೆಸಿದ. ಅದು ಪೆಂಟ್ಟಿಯ ಒಳಚಡ್ಡಿ ಎಂದು ತಿಳಿದದ್ದು ಆಮೇಲೆ. ವೈಕ್ಕೊ ಪೆಂಟ್ಟಿ ಇಬ್ಬರೂ ಒಳಗೆ ಕೂತು ಕಾದ ಕಲ್ಲಿನ ಮೇಲೆ ನೀರು ಸುರಿಯುತ್ತ, “ಆಫ್ ಮಾಡಿ ಆನ್ ಮಾಡೋ!”, “ತಲೆ ಮೇಲೊಂದು ಬಿಡೋ!” ಎಂದು ಕೂಗಿ ಕೂಗಿ ನಗುತ್ತಿದ್ದರು.

ನಾಲ್ಕಾಯಿತು. ಅವರಿಬ್ಬರೂ ಮಂಜುಗಡ್ಡೆ ಕೊರೆದು ಮಾಡಿದ ಹೊಂಡದಲ್ಲಿ ಮುಳುಗಲು ಕೆರೆಗೆ ಓಡಿದರು. ಯಾಲ್ಮರಿ ತಲೆ ಮೇಲೆ ಕೈಹೊತ್ತು ಕೂತ. ಹತ್ತೊಂಬತ್ತು ವರ್ಷದ ಗೌರವ ಇನ್ನೊಂದು ಗಂಟೆಗೆ ಮಣ್ಣುಪಾಲು.

ಹೆಂಗಸರ ಸರದಿಗೆ ಬೇಗನೇ ಬಂದ ಹಿಲ್ಕಜ್ಜಿ ಟವೆಲ್ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಂಬತ್ತೊಂದು ವರ್ಷ. ಕಾಗದ ಕಾರ್ಖಾನೆಯ ಕಚೇರಿಯಲ್ಲಿ ನಲವತ್ತು ವರ್ಷ ದುಡಿದವರು.

“ಸರಿ ಆಚೆ,” ಎಂದು ಅವನನ್ನು ಸ್ಟೂಲಿನಿಂದ ಎಬ್ಬಿಸಿ ತಾವು ಕೂತರು. “ಹಳೇ ಯಂತ್ರಕ್ಕೆ ಇವತ್ತಿನ ಸಾಫ್ಟ್‌ವೇರ್ ಯಾಕೋ ತುರುಕ್ತೀಯ? ಪುಕ್ಕಟೆ ಸಿಗೋ ಆಫೀಸ್ ಒಂದಿದೆ. ಅದರ ಹಳೇ ಆವೃತ್ತಿನೂ ಹಾಗೇ ಇಟ್ಟಿರ್ತಾರೆ. ನಿನ್ನ ಸಿಸ್ಟಮ್ಮಿಗೆ ಹೊಂದೋದು ತಗೋಬೇಕು. ಹೊಸ ನಮೂನೆನೂ ತೆರೆಯುತ್ತೆ.”

ಇಪ್ಪತ್ತೇ ನಿಮಿಷ. ನಮೂನೆ ಹೂವಿನ ಹಾಗೆ ತೆರೆದುಕೊಂಡಿತು. ಯಾಲ್ಮರಿ ಬಡಬಡನೆ ವರದಿ ತುಂಬಿ, ಐದಕ್ಕೆ ಎಂಟು ನಿಮಿಷ ಇರುವಾಗ ಕಳಿಸಿಯೇಬಿಟ್ಟ. ಕಣ್ಣಲ್ಲಿ ನೀರು ಬಂತು. ಅದರ ಹಿಂದೆಯೇ ಅಂಗಡಿಯಲ್ಲಿ ಆಡಿದ ಮಾತೂ ನೆನಪಿಗೆ ಬಂತು.

“ಅಜ್ಜಿ, ದಮ್ಮಯ್ಯ, ನೀವು ಮಾಡಿದ್ದು ಅಂತ ಯಾರಿಗೂ ಹೇಳ್ಬೇಡಿ.”

“ನಾನ್ಯಾಕೆ ಹೇಳ್ಲಿ?” ಅಜ್ಜಿ ಏನೋ ಸಂತೋಷದಿಂದಲೇ ಅಂದರು. “ನಿನ್ನಾಣೆ, ಬಾಯಿ ಬಿಡಲ್ಲ,” ಎಂದು ಟವೆಲ್ ಗಂಟು ಹಿಡಿದು ಹೊರನಡೆದರು.

ಕೆರೆದಂಡೆಯಲ್ಲಿ ಬೆಂಕಿ ಕಾಯಿಸುತ್ತ ಹರಟಿ, ಕೊನೆಗೊಂದು ಮುಳುಗು ಹಾಕಿ ನಡುಗುತ್ತ ಬಂದವರ ಮುಂದೆ ಯಾಲ್ಮರಿ ಸೊಂಟದ ಮೇಲೆ ಕೈಯಿಟ್ಟು ನಿಂತ. “ಆಯ್ತು. ಒಬ್ಬನೇ ಮಾಡ್ದೆ!” ಪೆಂಟ್ಟಿಯ ಮುಖ ಇಳಿದುಹೋಯಿತು. ವೈಕ್ಕೊ ಬಟ್ಟೆ ಹಾಕಿಕೊಳ್ಳುವ ಮೊದಲೇ ಫೋನಿಗೆ ಕೈಹಾಕಿದ. ಆರು ಹೊಡೆಯುವಷ್ಟರಲ್ಲಿ ಊರಿಗೆಲ್ಲ ಸುದ್ದಿ, ಅದೂ ಒಂದಕ್ಕೆರಡು ಸೇರಿ: ಸತ್ತ ಕಂಪ್ಯೂಟರನ್ನು ಯಾಲ್ಮರಿ ಬದುಕಿಸಿದನಂತೆ.

ಸಭಾಭವನಕ್ಕೆ ಅವನು ಕಾಲಿಟ್ಟಾಗ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಹೊಗಳುವುದೆಂದರೆ ನಮ್ಮೂರಿನವರಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ, ಅಂಥವರು ತಟ್ಟಿದರು! ಸಿರ್ಕಾ ಕೂಡ ತಟ್ಟಿದಳು. ಯಾಲ್ಮರಿ ವರದಿ ಓದಿದ. ಅಷ್ಟು ಗತ್ತಿನಿಂದ ಎಂದೂ ಓದಿರಲಿಲ್ಲ.

ಮಾರ್ಕೆತ್ತಾ ಎದ್ದಳು. “ಇಂಥ ಕೈಚಳಕ ನಮ್ಮೂರಲ್ಲೇ ಇದೆ ಅಂತ ನಮಗೆ ಗೊತ್ತೇ ಇರಲಿಲ್ಲ. ಬರೀ ವರದಿ ಬರೆಸಿಕೊಂಡು ಈ ಮನುಷ್ಯನನ್ನ ಹಾಳು ಮಾಡಿದ್ವಲ್ಲ! ಊರಲ್ಲಿ ಮೂವತ್ತೊಂದು ಹಳೇ ಕಂಪ್ಯೂಟರಿವೆ. ಇವತ್ತಿನಿಂದ ಅವೆಲ್ಲ ಯಾಲ್ಮರಿ ಪಾಲಿಗೆ, ಎಂದಿನ ಹಾಗೆ ತಲ್ಕೋತ್ ಲೆಕ್ಕದಲ್ಲಿ. ಅವನಿಗೆ ಪುರುಸೊತ್ತಾಗ್ಲಿ ಅಂತ ಕಾರ್ಯದರ್ಶಿ ಕೆಲಸ ಪೆಂಟ್ಟಿ ವಹಿಸ್ಕೊಳ್ಳಲಿ. ಯಾರದ್ದಾದ್ರೂ ವಿರೋಧ ಇದೆಯಾ?”

ತಲ್ಕೋತ್ ಅಂದರೆ ಊರಿಗಾಗಿ ಸಂಬಳವಿಲ್ಲದೆ ಮಾಡುವ ಕೆಲಸ. ಅದಕ್ಕೆ ಒಲ್ಲೆ ಅಂದವನನ್ನು ಹೌಕಿನಿಯೆಮಿ ಇದುವರೆಗೆ ಕಂಡಿಲ್ಲ. ಮೇಲಾಗಿ ನಮ್ಮ ಕಡೆ ಸುಮ್ಮನಿದ್ದರೆ ಒಪ್ಪಿದ ಹಾಗೆ. ನನ್ನ ಕೈಯಲ್ಲಿ ಆಗಲ್ಲ ಎಂದರೆ ಇಡೀ ಊರ ಮುಂದೆ ಸುಳ್ಳುಗಾರನಾಗಬೇಕು. ಯಾಲ್ಮರಿ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆಯುವಷ್ಟರಲ್ಲಿ ಮಾರ್ಕೆತ್ತಾಳ ಮರದ ಸುತ್ತಿಗೆ ಮೇಜಿನ ಮೇಲೆ ಬಿತ್ತು. ಪೆಂಟ್ಟಿ ಮೆಲ್ಲಗೆ ಬಂದು ಅವನ ಕುರ್ಚಿ ಎಳೆದುಕೊಂಡ.

ಯಾಲ್ಮರಿ ಹಿಂದಿನ ಸಾಲಿಗೆ ಹೋಗಿ ಹಿಲ್ಕಜ್ಜಿಯ ಪಕ್ಕ ಕುಸಿದ. “ಅಜ್ಜಿ, ಇದೇನಾಗಿಹೋಯ್ತು? ನಿಮಗೆ ಇಷ್ಟೆಲ್ಲ ಬರುತ್ತಲ್ಲ, ಊರಲ್ಲಿ ಒಬ್ಬರಿಗೂ ಯಾಕೆ ಹೇಳಲಿಲ್ಲ?”

ಹಿಲ್ಕಜ್ಜಿ ಅವನ ಬೆನ್ನು ಸವರಿದರು.

“ಇದಕ್ಕೇ ಕಣೋ.”