ಮಂಕರಿ ಎತ್ತದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಮೂವತ್ತು ವರ್ಷ ಸಂಬಳ ಎಣಿಸಿದ್ದು ಯಾರ ಕಣ್ಣಿಗೂ ಬೀಳದ ಕಣಗಳನ್ನು ಡಿಕ್ಕಿ ಹೊಡೆಸಿ. ಅದೂ ಕಾಗದದ ಮೇಲೆ! ದಿಂಡಿಗಲ್ಲಿನ ಕಾಲೇಜೊಂದರಲ್ಲಿ ಪ್ರೊಫೆಸರು. ಕ್ವಾಂಟಂ ಕ್ಷೇತ್ರ ಸಿದ್ಧಾಂತ ಹಿಡಿದು, ಡಿಕ್ಕಿಯಾದ ಕಣಗಳು ಯಾವ ದಿಕ್ಕಿಗೆ ಎಷ್ಟು ಚದುರುತ್ತವೆಂದು ಲೆಕ್ಕ ಹಾಕುತ್ತಾರೆ. ದೂರದೇಶದವರು ಯಂತ್ರವಿಟ್ಟು ಎಣಿಸುತ್ತಾರೆ. ಎರಡೂ ತಾಳೆಯಾದ ದಿನ ಚಿಕ್ಕಪ್ಪನಿಗೆ ಎರಡು ಲೋಟ ಕಾಫಿ.

ನಡುವೆ ನಡೆದದ್ದು ಕಾಣದು, ಹೋದದ್ದೇನು ಬಂದದ್ದೇನು ಅಷ್ಟೇ ಕೈಗೆ ಸಿಗುವುದು ಎಂಬುದು ಅವರ ಮಂತ್ರ. ತೇವಾರದ ಊರಿನ ನೆಂಟರ ಮದುವೆಯಲ್ಲಿ ಊಟದ ಮನೆಯ ಬಾಗಿಲಲ್ಲೇ ನಿಂತು, ಒಳಹೋಗುವ ಮುಖ, ಹೊರಬರುವ ಮುಖ ನೋಡಿ ನೋಡಿ, ಸಾಂಬಾರಿಗೆ ಉಪ್ಪು ಜಾಸ್ತಿಯೆಂದು ಕಂಡುಹಿಡಿದರು. ನಿಜವೇ! ಅಷ್ಟರಲ್ಲಿ ಕೊನೆಯ ಪಂಕ್ತಿಯೂ ಎದ್ದಿತ್ತು. ಚಿಕ್ಕಮ್ಮ ಬೈದದ್ದನ್ನು ಇಲ್ಲಿ ಬರೆಯಲಾರೆ.

ಇಂಥವರಿಗೂ ಒಂದು ಕೊರಗಿತ್ತು. ತಮಿಳುನಾಡಿನ ನಮ್ಮ ಹಳ್ಳಿ ಓಡೈಪಟ್ಟಿಯಲ್ಲಿ ನಮ್ಮ ಜೊತೆಗಿರುವ ಅಜ್ಜಿ, ಅಂದರೆ ಅವರ ಅವ್ವ, ಅವರು ಊರಿಗೆ ಬಂದಾಗಲೆಲ್ಲ ನೀನು ಮಾಡೋ ಕೆಲಸವೇನು ಎಂದು ಕೇಳುತ್ತಿದ್ದಳು. ಇಂಗ್ಲಿಷಿನಲ್ಲಿ, ತಮಿಳಿನಲ್ಲಿ ಗಂಟೆಗಟ್ಟಲೆ ಮಾತಾಡುವವರು ನಮ್ಮ ಮನೆಗನ್ನಡದಲ್ಲಿ ತಡವರಿಸುತ್ತಿದ್ದರು. ದ್ರಾಕ್ಷಿಗೆ, ಎಮ್ಮೆಗೆ, ಜಗಳಕ್ಕೆ ಇರುವ ಮಾತು ಇದಕ್ಕೆಲ್ಲಿದೆ? ಅಜ್ಜಿಗೆ ತೊಂಬತ್ತು. ಅವ್ವನಿಗೆ ತಿಳಿಸದೇ ಹೋದರೆ ಓದಿದ್ದೆಲ್ಲ ದಂಡ ಎಂದು ಒಮ್ಮೆ ನನ್ನೆದುರು ಹೇಳಿಕೊಂಡಿದ್ದರು.

ಹೋದ ಪೊಂಗಲಿಗೆ ಬಂದವರೇ ಅಂಗಳದಲ್ಲಿ ನಾಲ್ಕು ಇಟ್ಟಿಗೆಯಿಟ್ಟು, ದ್ರಾಕ್ಷಿ ತುಂಬುವ ಮಂಕರಿಯನ್ನು ಮೇಲೆ ಬೋರಲು ಹಾಕಿದರು. ಒಳಗೇನೋ ಬಚ್ಚಿಟ್ಟಿದ್ದರು. ಯಾರೂ ಬಗ್ಗಿ ನೋಡಬಾರದು! ಒಂದು ಕಡೆಯಿಂದ ಮಂಕರಿಯಡಿಗೆ ನೂರು ಗೋಲಿ ಉರುಳಿಸಿದರು. ಒಂದೊಂದು ಗೋಲಿ ಎತ್ತ ಹೋಗುತ್ತದೋ ಹೇಳಲಾರರಂತೆ, ನೂರರಲ್ಲಿ ಎಷ್ಟು ಎತ್ತ ಎಂದು ಹೇಳಬಲ್ಲರಂತೆ. ಎಣಿಸಿ ನನ್ನ ಸೊಂಟ ಬಿದ್ದುಹೋಯಿತು. ಅವರು ಮೊದಲೇ ಬರೆದಿಟ್ಟ ಚೀಟಿಗೂ ನನ್ನ ಎಣಿಕೆಗೂ ಹೆಚ್ಚುಕಡಿಮೆ ಹೊಂದಿತು.

ಜಗಲಿಯಲ್ಲಿ ಎಲೆಯಡಿಕೆ ಜಗಿಯುತ್ತ ನೋಡುತ್ತಿದ್ದ ಅಜ್ಜಿ, ಒಳಗಿರುವುದು ರುಬ್ಬುಗುಂಡು ಎಂದಳು. ಸರಿಯಾಗಿಯೇ ಹೇಳಿದ್ದಳು. ಆದರೂ ಅವಳಿಗೆ ಸಮಾಧಾನವಿಲ್ಲ.

"ಮಂಕರಿ ಎತ್ತಿ ನೋಡಿದ್ರೆ ಆಯ್ತಲ್ಲ, ನನ್ ಕಣ್ಣೇ?"

"ನನ್ ಕೆಲಸದ ಮಂಕರಿ ಎತ್ತಕ್ಕೆ ಬರಾಕಿಲ್ಲ ಅವ್ವ. ಯಾರ ಕೈಲೂ ಆಗಾಕಿಲ್ಲ. ಹೊರಗೆ ಬಂದಿದ್ದ ಎಣಿಸಿ ಎಣಿಸಿಯೇ ಒಳಗಿರೋದ ತಿಳ್ಕಬೇಕು."

ಅಜ್ಜಿ ಜಗಿಯುವುದನ್ನು ನಿಲ್ಲಿಸಿದಳು. ಮಗನನ್ನು ಹತ್ತಿರ ಕೂರಿಸಿಕೊಂಡು ನರೆತ ತಲೆ ಸವರಿದಳು.

"ಇಷ್ಟೇನಾ? ನೀನು ಹೊಟ್ಟೇಲಿದ್ದಾಗ ನಾನು ಎತ್ತಿ ನೋಡಿದ್ನಾ? ನಿನಗೆ ಮುಂಚಿನ ಕೂಸು ಒದೆಯೋದ ನಿಲ್ಸಿ ಹೋಯ್ತು. ಅದಕ್ಕೇ ನೀನು ಒದ್ದಿದ್ದ ದಿನಾ ಎಣಿಸ್ತಿದ್ದೆ."

ಅರವತ್ತರ ಪ್ರೊಫೆಸರು ಅವ್ವನ ಮಡಿಲಿಗೆ ಮುಖ ಒತ್ತಿ ಅತ್ತರು.