ಅವ್ವನ ರೊಟ್ಟಿಯೂ ನನ್ನ ಲೇಖನವೂ

ಯಾವುದನ್ನೂ ಖಚಿತವಾಗಿ ಹೇಳದಿರುವುದೂ ಒಂದು ವಿದ್ಯೆ. ಅದನ್ನು ನಾನು ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಕಲಿತೆ. ಹಾಲು ಉಕ್ಕಿತೇನು ಎಂದು ಅವ್ವ ಹಿತ್ತಲಿನಿಂದ ಕೇಳಿದರೆ, ಉಕ್ಕಿರುವ ಸಾಧ್ಯತೆಯಿದೆ ಎನ್ನುತ್ತೇನೆ. ಅಷ್ಟರಲ್ಲಿ ಅದು ಒಲೆಯನ್ನೆಲ್ಲ ತೊಳೆದಿರುತ್ತದೆ. ಇಂಥ ನಾನು ಪಿಎಚ್.ಡಿ.ಯನ್ನು ಅರ್ಧಕ್ಕೆ ಬಿಟ್ಟು ಸಿಂಧನೂರಿಗೆ ಮರಳಿ, ಪತ್ರಿಕೆಗಳಿಗೆ ವಿಜ್ಞಾನ ಬರೆಯುತ್ತೇನೆ ಎಂದೆ. ಆ ಒಂದು ಮಾತನ್ನು ಮಾತ್ರ 'ಬಹುಶಃ' ಸೇರಿಸದೆ ಹೇಳಿದ್ದೆ.

ಅವ್ವ ಕಂಗಾಲಾದಳು. ಮಗಳು ಡಾಕ್ಟರ್ ಆಗುತ್ತಾಳೆಂದು ಓಣಿಗೆಲ್ಲ ಹೇಳಿಕೊಂಡಿದ್ದಳು. ಸಾಲಗುಂದದ ಸೋದರತ್ತೆಯಂತೂ ತನ್ನ ಮೊಣಕಾಲು ನೋವನ್ನು ನನಗೆಂದೇ ಕಾದಿಟ್ಟಿದ್ದಳು. ನನ್ನ ಸಂಶೋಧನೆ ಗದ್ದೆಯ ಕೆಸರಿನ ಸೂಕ್ಷ್ಮಜೀವಿಗಳದ್ದು, ಮೊಣಕಾಲಿನದ್ದಲ್ಲ ಎಂದು ಎಷ್ಟು ವಿವರಿಸಿದರೂ ಅದನ್ನು ನನ್ನ ವಿನಯವೆಂದುಕೊಂಡಿದ್ದಳು. ಪಕ್ಕದ ಮನೆಯ ಖಾಜಾಬಿ ಚಾಚಿ ಸಮಾಧಾನ ಹೇಳಲು ಬಂದು, ಪೇಪರಿಗೆ ಬರೆಯುವುದಾದರೆ ಮೊದಲು ನಮ್ಮ ಓಣಿಯ ನಳದ ಬಗ್ಗೆ ಬರೆ ಎಂದು ಹೇಳಿ ಹೋದರು. ಕೊನೆಗೆ ಅವ್ವ ಷರತ್ತು ಹಾಕಿದಳು.

"ಒಂದಾರ ಲೇಖನ ನನಗ ತಿಳಿಯೋ ಹಂಗ ಬರದು ಓದಿ ತೋರಸು. ತಿಳೀಲಿಲ್ಲಂದ್ರ ಸುಮ್ನ ಹೋಗಿ ಆ ಡಾಕ್ಟರಿಕಿ ಮುಗಿಸ್ಕೊಂಡು ಬಾ."

ಪರೀಕ್ಷೆ ನಡೆಯುತ್ತಿದ್ದುದು ಅವಳು ಜೋಳದ ರೊಟ್ಟಿ ಬಡಿಯುವಾಗ. ನಾನು ಓದುತ್ತಿದ್ದೆ, ಅವಳು ತಾಳ ತಪ್ಪದೆ ಬಡಿಯುತ್ತಿದ್ದಳು. 'ಆಮ್ಲಜನಕರಹಿತ ಪರಿಸರದಲ್ಲಿ' ಎಂಬಲ್ಲಿ ಬಡಿತ ಇನ್ನೂ ಜೋರಾಯಿತು. ರೊಟ್ಟಿಗಳು ಒಂದಕ್ಕಿಂತ ಒಂದು ದುಂಡಗೆ, ತೆಳ್ಳಗೆ ಬಂದವು. ಹೀಗೆ ಕೆಲವು ಕರಡುಗಳು ಮುಗಿದವು. ಊಟ ಸೊಗಸಾಗಿರುತ್ತಿತ್ತು, ಲೇಖನ ಮಾತ್ರ ಫೇಲಾಗುತ್ತಿತ್ತು. ಪಂಚಾಂಗ ಓದಿದಂಗ ಓದಾಕತ್ತೀಯಲ್ಲಬೇ ಎಂದಷ್ಟೇ ಅವಳ ವಿಮರ್ಶೆ.

ಮುಂದಿನ ಸಲ ಕಳೆ ಕಿತ್ತಂತೆ ದೊಡ್ಡ ಪದಗಳನ್ನೆಲ್ಲ ಕಿತ್ತು, ಹೀಗೆ ಶುರು ಮಾಡಿದೆ: ನೀರು ನಿಂತ ಭತ್ತದ ಗದ್ದೆಯಲ್ಲಿ ಕಾಲಿಟ್ಟರೆ ಗುಳ್ಳೆಗಳು ಏಳುತ್ತವೆ, ಕೆಸರಿನೊಳಗೆ ಗಾಳಿಯಿಲ್ಲದೆ ಬದುಕುವ ಜೀವಿಗಳು ಬಿಟ್ಟ ಅನಿಲ ಅದು.

ಬಡಿತ ನಿಂತಿತು. ತಲೆ ಎತ್ತಿ ನೋಡಿದೆ. ಹಿಟ್ಟು ಮೆತ್ತಿದ ಕೈ ಗಾಳಿಯಲ್ಲೇ ಇತ್ತು.

"ಮುಕ್ಕುಂದದಾಗ ನಾಟಿ ಹಚ್ಚಾಕ ಹೋದಾಗ ಕಾಲಾಗ ಗುಳುಗುಳು ಅಂತಿತ್ತು. ಅದು ಇದ ಏನು? ನಾ ಹಾವು ಅಂತ ತಿಳಕೊಂಡು ಬದುವಿಗೆ ಓಡಿ ಎಲ್ಲಾರ ಕಡಿಂದ ನಗಿಸ್ಕೊಂಡಿದ್ದೆ. ಮುಂದ ಓದು."

ಓದಿದೆ. ಹೆಂಚಿನ ಮೇಲಿನ ರೊಟ್ಟಿ ಹೊಗೆಯಾಡುವವರೆಗೂ ಅವಳು ಕದಲಲಿಲ್ಲ. ಆಮೇಲೆ ಸೋದರತ್ತೆಗೆ ಫೋನು ಮಾಡಿ, ನನ್ನ ಮಗಳು ಪೇಪರಿಗೆ ಬರೆಯುತ್ತಾಳೆ, ನಿನ್ನ ಮೊಣಕಾಲಿಗೆ ಬೇರೆ ಡಾಕ್ಟರನ್ನು ನೋಡಿಕೋ ಎಂದಳು. ಒಂದೇ ರೊಟ್ಟಿಯನ್ನು ನಂಬಿ ತೀರ್ಮಾನಕ್ಕೆ ಬರಬಾರದೆಂದು ಗೊತ್ತಿದ್ದರೂ ನನಗೆ ಸಂತೋಷವಾಯಿತು. ಆ ಕರಕಲು ರೊಟ್ಟಿಯನ್ನು ನಾನೇ ಹಾಕಿಸಿಕೊಂಡು ತಿಂದೆ. ಭಾಳ ಸುಟ್ಟದೇನು ಎಂದು ಅವ್ವ ಕೇಳಿದಳು.

ಸುಟ್ಟಿರುವ ಸಾಧ್ಯತೆಯಿದೆ ಎಂದೆ.